ಅಮ್ಮನ ಅಳತೆಗೆ ಒಂದು ಎಂಜಿನ್

ನನ್ನ ಜೀಪಿನ ಎಂಜಿನ್ ಕೈಕೊಟ್ಟದ್ದು ಬನಶಂಕರಿಯ ಸಿಗ್ನಲ್ಲಿನಲ್ಲಿ, ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದಾಗ. ಪಕ್ಕದ ಸೀಟಿನಲ್ಲಿ ಅಮ್ಮ, ಅವಳ ತೊಡೆಯ ಮೇಲೆ ತರಕಾರಿ ಚೀಲ. ಬಾನೆಟ್ಟಿನಿಂದ ಏಳುತ್ತಿದ್ದ ಬಿಳಿ ಹೊಗೆ ನೋಡಿ ಅವಳು ಹೇಳಿದ್ದು ಒಂದೇ ಮಾತು: "ಹೋಯ್ತು ಬಿಡು." ಅವಳನ್ನು ಇಳಿಸುವ ಹಾಗಿರಲಿಲ್ಲ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿ, ಅವಳು ಕೂತ ಹಾಗೆಯೇ ಜಯನಗರದ ಮನೆಯವರೆಗೆ ಎಳೆಸಿಕೊಂಡು ಬಂದೆವು.

ಯಾಕೆ ಇಳಿಸುವ ಹಾಗಿರಲಿಲ್ಲ ಎಂದು ಹೇಳಬೇಕು. ಅಮ್ಮನಿಗೆ ಎಂಬತ್ತೆರಡು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಬದಲಾಯಿಸಿಕೊಂಡವಳು. ತಗ್ಗಿನಲ್ಲಿ ಕೂರಕೂಡದು, ಮಂಡಿ ಸೊಂಟಕ್ಕಿಂತ ಮೇಲೆ ಬರಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಕಾರಿನ ಸೀಟೆಂದರೆ ಅವಳ ಪಾಲಿಗೆ ಹಳ್ಳ. ಆಟೋಗೆ ಬಗ್ಗಿ ಹತ್ತಬೇಕು, ಅದೂ ಆಗದು. ನನ್ನ ಹಳೆಯ ಜೀಪೊಂದೇ ಅವಳಿಗೆ ಒದಗಿದ ಗಾಡಿ. ಬೆನ್ನು ತಿರುಗಿಸಿ ನಿಂತರೆ ಸೀಟಿನ ಅಂಚು ಸರಿಯಾಗಿ ಕೂರುವ ಎತ್ತರಕ್ಕೆ ಸಿಗುತ್ತಿತ್ತು. ಅವಳು ಅಲ್ಲೇ ಕೂತು ಕಂಬಿ ಹಿಡಿದುಕೊಂಡರೆ, ನಾನು ಕಾಲೆರಡನ್ನೂ ಎತ್ತಿ ಒಳಕ್ಕೆ ತಿರುಗಿಸುತ್ತಿದ್ದೆ. ಪ್ರತಿ ಗುರುವಾರ ಮಾರ್ಕೆಟ್ಟು. ಗಾಡಿಯಿಂದ ಇಳಿಯದೆಯೇ ತರಕಾರಿಯವಳನ್ನು ಹತ್ತಿರ ಕರೆದು, ಬೆಂಡೆಕಾಯಿಯ ತುದಿ ಮುರಿದು, ಬದನೆಕಾಯಿಯ ತೊಟ್ಟು ಎತ್ತಿ ನೋಡಿ ಚೌಕಾಸಿ ಮಾಡುವಾಗ ಅವಳ ಮುಖದಲ್ಲಿ ಇಪ್ಪತ್ತು ವರ್ಷ ಇಳಿಯುತ್ತಿತ್ತು.

ಎಂಜಿನ್ ಬ್ಲಾಕೇ ಸೀಳಿತ್ತು. ರಿಪೇರಿಯ ಮಾತಿಲ್ಲ, ಬೇರೆಯದೇ ಹಾಕಬೇಕು. ಅಷ್ಟರವರೆಗೆ ಅಮ್ಮ ವರಾಂಡದಲ್ಲಿ, ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ ಕುರ್ಚಿಯಲ್ಲಿ ಕೂತು ನಾನು ತಂದ ತರಕಾರಿಗೆ ಹೆಸರಿಡುತ್ತಿದ್ದಳು. "ಇದು ಅವರೆಕಾಯಾ? ಸೊಗಡು ಎಲ್ಲೋ? ಯಾರೋ ಬಿಸಾಕಿದ್ದನ್ನ ಆರಿಸ್ಕೊಂಡ್ ಬಂದ್ಯಾ?"

ಜೀಪನ್ನು ಸುಬ್ರಹ್ಮಣ್ಯಪುರದ ಒಂದು ಶೆಡ್ಡಿಗೆ ಸಾಗಿಸಿದೆ. ಅಲ್ಲಿನ ಮೆಕ್ಯಾನಿಕ್ಕರಿಗೆ ನನ್ನಷ್ಟೇ, ಅರವತ್ತು ದಾಟಿದ ವಯಸ್ಸು. ಈಗ ಮನೆಗಳೆದ್ದಿರುವ ಅದೇ ಜಾಗದಲ್ಲಿ ಅವರಪ್ಪ ಸೊಪ್ಪು ಬೆಳೆಯುತ್ತಿದ್ದರಂತೆ. ಬಾವಿಯ ಡೀಸೆಲ್ ಪಂಪು ಕೆಟ್ಟರೆ ಮೂರನೆಯ ದಿನಕ್ಕೆ ಸೊಪ್ಪು ಬಾಡುತ್ತದೆ, ಹಾಗಾಗಿ ಎಂಜಿನ್ ಬಿಚ್ಚುವುದನ್ನು ಹುಡುಗುತನದಲ್ಲೇ ಕಲಿತವರು. ಈಗ ಆ ಮನೆಗಳ ಬಾಡಿಗೆ ಬರುತ್ತದೆ, ಕಾಲ ಮೇಲೆ ಕಾಲು ಹಾಕಿ ಕೂರಬಹುದು. ಆದರೂ ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುತ್ತಾರೆ.

ಶೆಡ್ಡಿನಲ್ಲಿ ನನ್ನ ಜೀಪಿಗೆ ಆಗಬಹುದಾದ ಎರಡು ಎಂಜಿನ್ನುಗಳಿದ್ದವು. ಒಂದು, ನನ್ನ ಹಳೆಯದರ ಜಾತಿಯದೇ. ಗಿಡ್ಡ, ಸಾಧು, ಮೈತುಂಬ ಮಸಿ. ಇನ್ನೊಂದು, ಪಲ್ಟಿ ಹೊಡೆದ ದೊಡ್ಡ ಗಾಡಿಯೊಂದರಿಂದ ಇಳಿಸಿದ ಟರ್ಬೊ. ಅದನ್ನು ಸ್ಟಾರ್ಟ್ ಮಾಡಿಸಿ ಒಮ್ಮೆ ರೇಸ್ ಕೊಟ್ಟದ್ದೇ ತಡ, ನಾನು ಮನಸೋತೆ. ನೈಸ್ ರಸ್ತೆಯ ಏರು, ಸಾವನದುರ್ಗದ ಕಲ್ಲುದಾರಿ ಎಲ್ಲ ಕಣ್ಣ ಮುಂದೆ ಬಂತು. ಅಲ್ಲೇ ಬಿದ್ದಿದ್ದ ಸೀಮೆಸುಣ್ಣ ಎತ್ತಿಕೊಂಡು ಟರ್ಬೊದ ಮೇಲೆ ನನ್ನ ಹೆಸರಿನ ಮೊದಲಕ್ಷರ ಬರೆದುಬಿಟ್ಟೆ. "ಇದು ನಂದು. ಅಮ್ಮನಿಗೋಸ್ಕರ ಮಾಡಿಸ್ತಿರೋದು, ಒಳ್ಳೇದೇ ಇರ್ಲಿ" ಎಂದೆ. ಅಮ್ಮನ ಹೆಸರು ಹೇಳಿ ನನ್ನ ಚಪಲ ತೀರಿಸಿಕೊಳ್ಳುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆಗ ಯಾರಾದರೂ ಅಂದಿದ್ದರೆ ಜಗಳಕ್ಕೆ ಹೋಗುತ್ತಿದ್ದೆ.

ಮೆಕ್ಯಾನಿಕ್ಕರು ಕೈ ಒರೆಸಿಕೊಳ್ಳುತ್ತ ಕೇಳಿದರು, "ಅಮ್ಮಾವ್ರು ಎಷ್ಟು ಎತ್ತರ ಸಾರ್?"

"ಎಂಜಿನ್ ಹಾಕೋಕೆ ನಮ್ಮಮ್ಮನ ಎತ್ತರ ಯಾಕ್ರೀ?"

"ಹೇಳಿ ಸಾರ್."

"ಐದಡಿ ಇರ್ಬೇಕು."

"ಇರ್ಬೇಕು ಅಂದ್ರೆ ಆಗಲ್ಲ. ಭಾನುವಾರ ಮನೆಗೆ ಬರ್ತೀನಿ."

ಬಂದರು. ಒಗೆದ ಶರ್ಟು ಹಾಕಿ, ಜೇಬಿನಲ್ಲಿ ಟೇಪು ಇಟ್ಟುಕೊಂಡು, ಸ್ಕೂಟರಿನಲ್ಲಿ. ಅಮ್ಮ ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಅಮ್ಮ, ಜೀಪಲ್ಲಿ ಕೂರೋಕ್ ಮುಂಚೆ ಹೆಂಗ್ ನಿಂತ್ಕೋತಿದ್ರೋ ಹಂಗೆ ನಿಂತ್ಕೊಳಿ" ಎಂದರು. ಅಮ್ಮ ಊಟದ ಮೇಜಿಗೆ ಬೆನ್ನು ಕೊಟ್ಟು ನಿಂತಳು. ಚಪ್ಪಲಿ ಹಾಕಿಸಿ ಒಮ್ಮೆ, ತೆಗೆಸಿ ಒಮ್ಮೆ, ನೆಲದಿಂದ ಕೂರುವ ಎತ್ತರದವರೆಗೆ ಅಳೆದರು. "ರವಿಕೆ ಹೊಲಿಯೋನೂ ಇಷ್ಟು ಅಳತೆ ತಗೊಳಲ್ಲಪ್ಪ" ಎಂದು ಅಮ್ಮ ನಕ್ಕಳು. ಅವರು ನಗಲಿಲ್ಲ. ಚೀಟಿಯಲ್ಲಿ ಬರೆದುಕೊಂಡರು: ಇಪ್ಪತ್ತೆಂಟೂವರೆ ಇಂಚು.

"ಸಾರ್, ಜೀಪಿನ ಸೀಟು ನೆಲದಿಂದ ಮೂವತ್ತು ಇಂಚಿದೆ. ಅಮ್ಮಾವ್ರಿಗೆ ಒಂದೂವರೆ ಇಂಚು ಜಾಸ್ತಿಯಾಯ್ತು."

ನನಗೆ ಸಿಟ್ಟು ಬಂತು. ಆ ಸೀಟು ಅಮ್ಮನಿಗೆ ಅಚ್ಚುಕಟ್ಟಾಗಿತ್ತು, ಮೂರು ವರ್ಷ ನಾನೇ ಕೂರಿಸಿದ್ದೇನೆ. ನಿಮ್ಮ ಟೇಪು ಹಳೆಯದು, ತುದಿ ಸೊಟ್ಟಗಾಗಿದೆ ಎಂದೆ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಪಾಠ ಹೇಳಿದವನು ನಾನು. ಅಳತೆಯ ವಿಷಯದಲ್ಲಿ ನನಗೆ ಹೇಳಿಕೊಡಲು ಬರುತ್ತಾರೆಯೇ? ಬೀರುವಿನಿಂದ ನನ್ನದೇ ಸ್ಟೀಲ್ ಟೇಪು ತಂದು ಮಂಡಿಯೂರಿ ಅಳೆದೆ. ಇಪ್ಪತ್ತೆಂಟೂವರೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದಳು ಅಮ್ಮ, ನನ್ನ ತಲೆಯ ಮೇಲಿನಿಂದ.

ಮೆಕ್ಯಾನಿಕ್ಕರು ಮೆಲ್ಲಗೆ ಹೇಳಿದರು, "ಸೀಟೇನೂ ಬೆಳೆದಿಲ್ಲ ಸಾರ್. ಅಮ್ಮಾವ್ರು ಇಳಿದಿದಾರೆ."

ಊರವರ ಹೊಲ, ಕೆರೆ, ರಸ್ತೆಯನ್ನೆಲ್ಲ ಅಳೆಯಲು ಕಲಿಸಿದವನು, ಒಂದೇ ಮನೆಯಲ್ಲಿ ದಿನಾ ಜೊತೆಗೆ ಊಟ ಮಾಡುವ ತಾಯಿ ಬಾಗಿ ಕುಗ್ಗಿದ್ದನ್ನು ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ಆಮೇಲೆ ಅವರು ಟರ್ಬೊದ ಕತೆ ಬಿಡಿಸಿ ಹೇಳಿದರು. ಆ ಎಂಜಿನ್ ಎತ್ತರ, ಹಳೆಯ ಬಾನೆಟ್ಟು ಅದರ ಮೇಲೆ ಮುಚ್ಚುವುದಿಲ್ಲ. ಮುಚ್ಚಬೇಕಾದರೆ ಇಡೀ ಬಾಡಿಯನ್ನು ಮೂರು ಇಂಚು ಎತ್ತಿ ಕೂರಿಸಬೇಕು, ಅದರ ಜೊತೆ ಸೀಟೂ ಏರುತ್ತದೆ. "ಈಗ್ಲೇ ಒಂದೂವರೆ ಜಾಸ್ತಿ. ಅದರ ಮೇಲೆ ಇನ್ನು ಮೂರು. ಏಣಿ ಹಾಕಿ ಹತ್ತಿಸ್ತೀರಾ? ನೀವು ಸಖತ್ತಾಗ್ ಓಡಿಸ್ಬೋದು ಸಾರ್. ಅಮ್ಮಾವ್ರು ಗೇಟಲ್ಲಿ ನಿಂತು ನೋಡ್ಬೋದು."

ಅಷ್ಟು ಖಡಕ್ಕಾಗಿ ನನ್ನ ಜೊತೆ ಯಾರಾದರೂ ಮಾತಾಡಿ ಬಹಳ ಕಾಲವಾಗಿತ್ತು, ಮತ್ತು ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದೂ ಆಗಲೇ. ಊರಿನಲ್ಲಿ ಎಷ್ಟೋ ಗ್ಯಾರೇಜು ಸುತ್ತಿದ್ದೆ. ಎಷ್ಟು ಪವರ್ ಬೇಕು, ಎಷ್ಟು ಸ್ಪೀಡ್ ಬೇಕು ಎಂದು ಎಲ್ಲರೂ ಕೇಳಿದರು. ಅದರಲ್ಲಿ ಕೂರುವವರನ್ನು ನೋಡಬೇಕು ಎಂದವರು ಇವರೊಬ್ಬರೇ.

ಮರುದಿನ ಶೆಡ್ಡಿಗೆ ಹೋಗಿ ನನ್ನ ಸೀಮೆಸುಣ್ಣದ ಅಕ್ಷರವನ್ನು ನಾನೇ ಒರೆಸಿದೆ. ಅವರು ಗಿಡ್ಡ ಎಂಜಿನ್ ಸ್ಟಾರ್ಟ್ ಮಾಡಿದರು. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದು, ಎಷ್ಟು ಉಸಿರು ಬಿಡುತ್ತದೆ ಎಂದು ನೋಡಿದರು; ಒಳಗೆ ಸವೆದಿದ್ದರೆ ಅಲ್ಲಿಂದ ಗಾಳಿ ಜೋರಾಗಿ ನುಗ್ಗುತ್ತದಂತೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಅಮ್ಮ ತೆಂಗಿನಕಾಯಿ ಬಡಿದು ಕೇಳುವಾಗ ಹೀಗೇ ಕಣ್ಣು ಮುಚ್ಚುತ್ತಾಳೆ. "ಇದು ಓಡಲ್ಲ ಸಾರ್, ನಡೆಯುತ್ತೆ. ಆದ್ರೆ ನಿಲ್ಲಲ್ಲ" ಎಂದರು. ನನಗೆ ಅಷ್ಟು ಸಾಕಾಗಿತ್ತು. ಕಾಗದಪತ್ರದ ಓಡಾಟವೂ ಸೇರಿ ಕೆಲಸ ಆರು ವಾರ ಹಿಡಿಯಿತು. ಕೊನೆಗೆ ಸೀಟಿನ ಕೆಳಗಿನ ಕಬ್ಬಿಣದ ಚೌಕಟ್ಟು ಕತ್ತರಿಸಿ ಒಂದೂವರೆ ಇಂಚು ಇಳಿಸಿದರು. ನಾನು ಹೇಳಿರಲಿಲ್ಲ, ಅವರ ಚೀಟಿಯಲ್ಲಿ ಇತ್ತು.

ಜೀಪು ಮನೆಗೆ ಬಂದದ್ದು ಬುಧವಾರ. ಗುರುವಾರ ಬೆಳಿಗ್ಗೆ ಏಳಕ್ಕೇ ಅಮ್ಮ ಚೀಲ ಹಿಡಿದು ಗೇಟಿನಲ್ಲಿದ್ದಳು. ಜೀಪಿಗೆ ಬೆನ್ನು ಕೊಟ್ಟು ನಿಂತು, ಹಾಗೇ ಕೂತಳು. ಕೈ ಅಭ್ಯಾಸದಂತೆ ಕಂಬಿಯ ಕಡೆ ಹೋಗಿ, ಹಿಡಿಯುವುದು ಬೇಡವಾಗಿ, ಮಡಿಲಿಗೆ ವಾಪಸು ಬಂತು. ನಾನು ಅವಳ ಕಾಲುಗಳನ್ನೆತ್ತಿ ಒಳಗೆ ತಿರುಗಿಸಿದೆ.

"ಈಗ ಸರಿಯಾಯ್ತು" ಎಂದಳು. "ಹೋದ ವರ್ಷದಿಂದ ತುದಿಗಾಲಲ್ಲಿ ನಿಂತು ಕೂರ್ತಿದ್ದೆ. ಸೊಂಟ ಚುಳ್ ಅನ್ನೋದು."

"ಒಂದು ಮಾತು ಹೇಳ್ಬಾರ್ದಾಗಿತ್ತೇನಮ್ಮಾ ನಂಗೆ?"

"ಹೇಳಿದ್ರೆ ಕರ್ಕೊಂಡ್ ಹೋಗ್ತಿದ್ಯಾ?"

ಇಲ್ಲ. ಮನೆಯಲ್ಲೇ ಇರಮ್ಮ, ನಾನೇ ತರ್ತೀನಿ ಅನ್ನುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈಚೆ ಬಂದು ಕೂತು ಗೇರ್ ಹಾಕಿದೆ. "ನಿಧಾನ ಕಣೋ" ಎಂದಳು ಅಮ್ಮ. ನಿಧಾನವಾಗಿಯೇ ಹೋದೆ.