ಆಪತ್ತಿನ ಚೀಲ ಹೊತ್ತು ನೋಡುವ ಬ್ಯಾಗಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಐದಂತಸ್ತಿನ ಕಟ್ಟಡದ ಮೆಟ್ಟಿಲ ದೀಪಗಳೆಲ್ಲ ಆರಿವೆ. ಮೇಲಿನ ಮನೆಯೊಂದರ ಬಾಗಿಲು ತೆರೆದುಕೊಳ್ಳುತ್ತದೆ. ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಬೆನ್ನಿಗೆ ಕೆಂಪು ಚೀಲ ಏರಿಸಿಕೊಂಡು, ಒಂದು ಕೈಯಲ್ಲಿ ಗೋಡೆ ತಡವುತ್ತ ಸರಸರನೆ ಇಳಿಯತೊಡಗುತ್ತಾರೆ. ಹಾಲು ಹಾಕಲು ಹತ್ತಿ ಬರುತ್ತಿದ್ದಾತ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾನೆ. ಅವನಿಗೆ ಇದು ಹೊಸದಲ್ಲ.

“ಏನಕ್ಕಾ, ಇವತ್ತು ಬೆಂಕಿನಾ, ನೀರಾ?”

“ಇವತ್ತು ಭೂಕಂಪ. ದಾರಿ ಬಿಡಪ್ಪ.”

ಕೆಳಗಿನ ಮೆಟ್ಟಿಲಿಗೆ ಬಂದು ಕುಳಿತು ಅವರು ಉಸಿರು ಸುಧಾರಿಸಿಕೊಳ್ಳುತ್ತಾರೆ. ಚೀಲ ಇಳಿಸಿ ಭುಜ ಮುಟ್ಟಿ ನೋಡಿಕೊಳ್ಳುತ್ತಾರೆ. ಎಡಗಡೆಯ ಪಟ್ಟಿ ಜಾರುತ್ತದೆ, ಬಲಗಡೆಯದು ಕುತ್ತಿಗೆಯ ಬುಡಕ್ಕೆ ಕಚ್ಚುತ್ತದೆ. ಪ್ರವಾಹವೋ ಬೆಂಕಿಯೋ ಬಂದಾಗ ಹೆಗಲಿಗೇರಿಸಿ ಓಡಲು ಕಂಪನಿಗಳು ಸಿದ್ಧಪಡಿಸಿ ಮಾರುವ ಚೀಲ ಇದು. ಇಂಥವು ಕೊಟ್ಟ ದುಡ್ಡಿಗೆ ತಕ್ಕವೋ ಅಲ್ಲವೋ ಎಂದು ಹೊತ್ತು, ನೆನೆಸಿ, ಎಳೆದಾಡಿ ಹೇಳುವುದು ಇವರ ಕೆಲಸ. ಬೀದಿಯವರೆಲ್ಲ ಬ್ಯಾಗಕ್ಕ ಎನ್ನುತ್ತಾರೆ. ಅತ್ತೆಯೂ ಒಮ್ಮೊಮ್ಮೆ ಸೊಸೆ ಎನ್ನುವುದನ್ನು ಮರೆತು ಹಾಗೇ ಕರೆದುಬಿಡುತ್ತಾರೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಊರಿನ ಗ್ರಾಹಕರ ಸಂಘ ನಡೆಯುತ್ತದೆ. ಹಿಂದಿನ ಕೋಣೆ ಬ್ಯಾಗಕ್ಕನದು. ಕಿಟಕಿ ಪಕ್ಕ ಉದ್ದನೆಯ ಮೇಜು, ಮೂಲೆಯಲ್ಲಿ ನಲ್ಲಿ, ಸೂರಿನ ಕೊಕ್ಕೆಯಿಂದ ಜೋತುಬಿದ್ದ ಒಂದು ಚೀಲ. ಅದರ ತುಂಬ ಮರಳು. ಹೊಲಿಗೆ ಬಿಡುವುದಿದ್ದರೆ ಇಲ್ಲೇ ಬಿಟ್ಟುಬಿಡಲಿ ಎಂದು. ಚೀಲದೊಳಗಿನ ನೀರಿನ ಪೊಟ್ಟಣಗಳು ಒಡೆಯುತ್ತವೆಯೇ ಎಂದು ಅವುಗಳ ಮೇಲೆ ಅವರೇ ಕುಳಿತು ನೋಡುತ್ತಾರೆ. ಬೆಂಕಿಕಡ್ಡಿಯನ್ನು ಒದ್ದೆ ಕೈಯಲ್ಲಿ ಗೀರುತ್ತಾರೆ. ಸೀಟಿಯನ್ನು ಊದಿದಾಗ ಕೆಳಗಿನ ಸೈಕಲ್ ಅಂಗಡಿಯವರು “ಕೇಳಿಸ್ತು” ಎಂದು ಕೂಗಬೇಕು. ಕೂಗದಿದ್ದರೆ ಸೀಟಿ ಫೇಲು. ಒಂದು ಚೀಲ ಮುಗಿಯಲು ವಾರವಾದರೂ ಬೇಕು. ತಿಂಗಳಿಗೆ ಮೂರು, ಬಹಳವೆಂದರೆ ನಾಲ್ಕು. ತಿಂಗಳ ಕೊನೆಗೆ ಸಂಘ ಅಚ್ಚು ಹಾಕಿಸುವ ಒಂದು ಹಾಳೆಯಲ್ಲಿ ಅವರ ಅಭಿಪ್ರಾಯ ಬರುತ್ತದೆ, ಹೆಸರು ಬರುವುದಿಲ್ಲ.

ಚೀಲದೊಳಗಿನ ಒಂದೊಂದು ವಸ್ತುವನ್ನೂ ಬಿಡಿಯಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ಪೇಟೆ ಸುತ್ತಿ ಕೇಳಿ ಬರುವುದೂ ಅವರೇ. ಬಿಡಿಯಾಗಿ ಕೊಂಡರೆ ಯಾವಾಗಲೂ ಅಗ್ಗ. ಹಾಗಿದ್ದರೆ ಸಿದ್ಧ ಚೀಲ ಕೊಳ್ಳುವುದೇ ದಂಡವಲ್ಲವೇ ಎಂದರೆ ತಲೆಯಾಡಿಸುತ್ತಾರೆ.

“ಹಾಗಲ್ಲ. ಬಿಡಿಬಿಡಿಯಾಗಿ ತಗೋತೀನಿ ಅಂತ ಎಲ್ರೂ ಹೇಳ್ತಾರೆ, ಯಾರೂ ತಗೊಳ್ಳಲ್ಲ. ಜಾಸ್ತಿ ಕೊಡೋ ದುಡ್ಡು ಇದೆಯಲ್ಲ, ಅದು ಬೇರೆಯವರು ನಮ್ಮ ಪರವಾಗಿ ಯೋಚನೆ ಮಾಡಿದ್ದಕ್ಕೆ ಕೊಡೋ ಕೂಲಿ. ಅವರು ನಿಜವಾಗ್ಲೂ ಯೋಚನೆ ಮಾಡಿದ್ದಾರಾ ಅಂತ ನೋಡೋದಷ್ಟೇ ನನ್ನ ಕೆಲಸ.”

ಮೊದಲು ಅವರು ಶಾಲಾ ಮಕ್ಕಳ ಚೀಲ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಮದುವೆಗೆ ಮುಂಚೆ ಸೇರಿದ್ದು, ಕಾರ್ಖಾನೆ ಬಾಗಿಲು ಹಾಕುವವರೆಗೂ ಅಲ್ಲೇ. ಗಂಡ ಬಸ್ ಡ್ರೈವರ್; ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಆಗ ಅವರ ಮನೆ ಹೊಳೆಯ ಪಕ್ಕದ ಬೀದಿಯಲ್ಲಿ, ನೆಲಮಟ್ಟದಲ್ಲಿತ್ತು. ಗಂಡ ಒಂದು ದಿನ ಮಿರಿಮಿರಿ ಮಿಂಚುವ ಆಪತ್ತಿನ ಚೀಲ ತಂದು ಬಾಗಿಲ ಹಿಂದೆ ನೇತುಹಾಕಿ, “ಇನ್ನು ಏನೇ ಬರಲಿ” ಎಂದಿದ್ದರಂತೆ. ಮರುವರ್ಷ ಒಂದು ಮಧ್ಯಾಹ್ನ ಹೊಳೆ ಬೀದಿಗೆ ಬಂತು. ಗಂಡ ದೂರದ ಊರಲ್ಲಿ. ಬ್ಯಾಗಕ್ಕ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಅತ್ತೆಯನ್ನು ಹಿಡಿದು ಹತ್ತಿರದ ಶಾಲೆಯ ಮೇಲಂತಸ್ತು ಸೇರಿಕೊಂಡರು.

ಅಲ್ಲಿ ಚೀಲ ಬಿಚ್ಚಿದರು. ದಿಕ್ಸೂಚಿ ಇತ್ತು. ಮೀನು ಹಿಡಿಯುವ ಗಾಳ ಇತ್ತು. ಮರ ಕೊಯ್ಯುವ ತಂತಿ, ಒಂದು ಕಟ್ಟು ಇಸ್ಪೀಟು ಇದ್ದವು. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಕನ್ನಡಕ ಮನೆಯ ಗೂಡಿನಲ್ಲೇ ಉಳಿದಿದ್ದವು. ಚೀಲದಲ್ಲಿ ಅವನ್ನು ಇಡೋಣವೆಂದರೂ ಬೆರಳು ತೂರಿಸಲು ಜಾಗವಿರಲಿಲ್ಲ, ಅಷ್ಟು ತುಂಬಿದ್ದರು. ಎರಡನೆಯ ದಿನ ಅತ್ತೆಗೆ ಕಣ್ಣು ಕತ್ತಲಿಟ್ಟು ಮಾತು ತೊದಲತೊಡಗಿತು. ಸಂಜೆ ದೋಣಿ ಬಾರದಿದ್ದರೆ ಕಥೆ ಬೇರೆಯಾಗುತ್ತಿತ್ತು.

“ದಿಕ್ಸೂಚಿ ನೋಡ್ಕೊಂಡು ಎಲ್ಲಿಗೆ ಹೋಗ್ಬೇಕಿತ್ತು ಹೇಳಿ? ಯಾವ ದಿಕ್ಕಿಗೆ ನೋಡಿದ್ರೂ ನೀರು. ಅತ್ತೆ ಕೈ ತಣ್ಣಗಾಗ್ತಿದೆ, ನನ್ನ ಕೈಯಲ್ಲಿ ಗಾಳ.”

ನೀರಿಳಿದ ಮೇಲೆ ಆ ಚೀಲ ಹಿಡಿದು ದೂರು ಕೊಡಲು ಗ್ರಾಹಕರ ಸಂಘದ ಮೆಟ್ಟಿಲು ಹತ್ತಿದರು. ಕಾರ್ಯದರ್ಶಿ ಪೂರ್ತಿ ಕೇಳಿಸಿಕೊಂಡು, ಪೇಟೆಯಲ್ಲೀಗ ಇಂಥ ಚೀಲಗಳ ಸುಗ್ಗಿಯೇ ಆಗಿದೆ, ಉಳಿದವನ್ನೂ ನೀವೇ ನೋಡಿ ಹೇಳ್ತೀರಾ ಎಂದು ಕೇಳಿದರು. ಕಾರ್ಖಾನೆ ಅಷ್ಟರಲ್ಲಿ ಮುಚ್ಚಿತ್ತು. ಇದು ಅಲ್ಲಿನ ಸಂಬಳಕ್ಕಿಂತ ಕಡಿಮೆ. ಆದರೂ ಒಪ್ಪಿಕೊಂಡರು.

ಈ ಕೆಲಸದಲ್ಲಿ ಅತ್ತೆಗೂ ಪಾಲಿದೆ. ಅವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿವೆ. ಪ್ರತಿ ಚೀಲವೂ ಒಂದು ಸಂಜೆ ಮನೆಗೆ ಬಂದು ಅವರ ತೊಡೆ ಏರುತ್ತದೆ. ಕಣ್ಣಿಗೆ ಟವೆಲು ಕಟ್ಟಿಕೊಂಡು ಅವರು ಜಿಪ್ ಎಳೆದು ಟಾರ್ಚ್ ಹುಡುಕಬೇಕು.

“ನನ್ನನ್ನ ಸಾಯಿಸೋಕೆ ಹೊಳೆ ಬರೋದು ಬೇಡ ಕಣೇ, ನಿನ್ನ ಜಿಪ್ಪುಗಳೇ ಸಾಕು,” ಎಂದು ಗೊಣಗುತ್ತಾರೆ. ಸಿಕ್ಕರೆ ಮಾತ್ರ ಟಾರ್ಚನ್ನು ಸೊಸೆಯ ಮುಖಕ್ಕೇ ಬಿಡುತ್ತಾರೆ.

ಹೋದ ವರ್ಷ ಮೇಜಿನ ಮೇಲೆ ಬಂದು ಕುಳಿತ ಒಂದು ನೀಲಿ ಚೀಲ ಬ್ಯಾಗಕ್ಕನ ನಿದ್ದೆ ಕೆಡಿಸಿತು. ಅದು ಅವರ ಸ್ವಂತ ತಮ್ಮನ ಅಂಗಡಿಯದು. ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು ಆತ ಇಂಥ ಚೀಲಗಳ ಏಜೆನ್ಸಿ ಹಿಡಿದಿದ್ದ. ಬೇರೆಯವರ ಕೈಲಿ ನೋಡಿಸಿ ಎಂದು ಬ್ಯಾಗಕ್ಕ ಕಾರ್ಯದರ್ಶಿಯನ್ನು ಕೇಳಿಕೊಂಡರು. ಬೇರೆಯವರು ಯಾರೂ ಇರಲಿಲ್ಲ. ಕೊನೆಗೆ ಕಾರ್ಯದರ್ಶಿ ಎದುರಿಗೆ ಕುಳಿತರು, ಇವರು ಬಿಚ್ಚಿದರು.

ಹೊಲಿಗೆ ನೋಡಿ ಬ್ಯಾಗಕ್ಕನಿಗೆ ಹೋದ ಜೀವ ಬಂದಂತಾಯಿತು. ಎರಡೆರಡು ಸಾಲು, ಒಂದು ಎಳೆಯೂ ತಪ್ಪಿಲ್ಲ. ಹೊದಿಕೆ ಚೆನ್ನಾಗಿತ್ತು. ಆಮೇಲೆ ನೀರಿನ ಪೊಟ್ಟಣಗಳ ಮೇಲೆ ಕುಳಿತರು. ಎರಡು ಪೊಟ್ಟಣಗಳ ಅಂಚು ಬಿಟ್ಟು ಕೆಳಗಿದ್ದ ಬ್ಯಾಂಡೇಜು, ಬೆಂಕಿಪೊಟ್ಟಣ ಎಲ್ಲ ತೊಯ್ದುಹೋದವು. ಹಿಡಿ ತಿರುಗಿಸಿ ಹೊತ್ತಿಸುವ ಟಾರ್ಚು ಮಿಣಮಿಣ ಎಂದು ಆರಿತು. ಸಂಜೆ ಅತ್ತೆಗೆ ಜಿಪ್ಪಿನ ತುದಿಯೇ ಸಿಗಲಿಲ್ಲ. ಇದು ಯಾರ ಚೀಲ ಎಂದು ಅವರಿಗೆ ಹೇಳಿರಲಿಲ್ಲ. ಆ ತಿಂಗಳ ಹಾಳೆಯಲ್ಲಿ ಬಂತು: ‘ಕೊಟ್ಟ ಬೆಲೆಗೆ ತಕ್ಕುದಲ್ಲ.’

ಹಾಳೆ ಹೊರಬಂದ ದಿನವೇ ತಮ್ಮ ಮನೆಗೆ ಬಂದ. ಚಪ್ಪಲಿಯನ್ನೂ ಬಿಡಲಿಲ್ಲ.

“ಅಕ್ಕ, ಮುಂಚೆ ನನಗೊಂದು ಮಾತು ಹೇಳೋಕೆ ಏನಾಗಿತ್ತು? ನಾನೇ ಎಲ್ಲಾನೂ ವಾಪಸ್ ಕಳಿಸ್ತಿದ್ದೆ.”

“ಆಗ್ಲೇ ಮಾರಿದ್ದನ್ನೂ ಕಳಿಸ್ತಿದ್ಯೇನೋ?”

ಮುಂದಿಟ್ಟ ಟೀ ಮುಟ್ಟದೆ ತಮ್ಮ ಎದ್ದುಹೋದ. ಅತ್ತೆಗೆ ಆಮೇಲೆ ವಿಷಯ ತಿಳಿದು, “ಮೊದಲೇ ಹೇಳಿದ್ರೆ ಹಲ್ಲಿಂದಾದ್ರೂ ಎಳೀತಿದ್ನಲ್ಲೇ,” ಎಂದು ಪೇಚಾಡಿದರು. ಅದಕ್ಕೇ ಹೇಳಿರಲಿಲ್ಲ ಎಂದು ಬ್ಯಾಗಕ್ಕ ಈಗಲೂ ನಗದೆ ಹೇಳುತ್ತಾರೆ.

ತಿಂಗಳುಗಟ್ಟಲೆ ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ. ಪೇಟೆಗೆ ಬೆಲೆ ಕೇಳಲು ಹೋದಾಗ ಬ್ಯಾಗಕ್ಕ ಅವನ ಅಂಗಡಿ ಇರುವ ಬೀದಿ ಬಿಟ್ಟು ಸುತ್ತಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಅವನೇ ಸಂಘದ ಮೆಟ್ಟಿಲು ಹತ್ತಿ ಬಂದು ನೀಲಿ ಚೀಲವನ್ನು ಮೇಜಿನ ಮೇಲಿಟ್ಟ. ಮಾರಿದ ಚೀಲಗಳನ್ನು ಸಾಧ್ಯವಾದಷ್ಟು ಮನೆಗಳಿಂದ ಹಿಂದಕ್ಕೆ ತರಿಸಿದ್ದ. ಪೊಟ್ಟಣ ತೆಗೆಸಿ ಬಾಟಲಿ ಇಡಿಸಿದ್ದ. ಜಿಪ್ಪುಗಳಿಗೆಲ್ಲ ಹೆಬ್ಬೆರಳು ತೂರುವಷ್ಟು ದೊಡ್ಡ ದಾರದ ಕುಣಿಕೆ. “ನೋಡು,” ಎಂದ, ಅಷ್ಟೇ.

ಬ್ಯಾಗಕ್ಕ ನೋಡಿದರು. ಮತ್ತದೇ ಒಂದು ವಾರ, ಅದೇ ಮರಳು, ಅದೇ ಟವೆಲು. ‘ಈಗ ಕೊಳ್ಳಬಹುದು. ಟಾರ್ಚು ಮಾತ್ರ ಬೇರೆ ಕೊಳ್ಳಿ’ ಎಂದು ಹಾಳೆಯಲ್ಲಿ ಬಂತು. ತಮ್ಮ ಆ ಹಾಳೆಯನ್ನು ಅಂಗಡಿಯ ಗಾಜಿಗೆ ಅಂಟಿಸಿದ್ದಾನೆ. ಟಾರ್ಚಿನ ಸಾಲಿಗೆ ಕೆಂಪು ಗೆರೆ ಎಳೆದು, ಅದರ ಕೆಳಗೇ ಒಂದು ಬುಟ್ಟಿ ತುಂಬ ಒಳ್ಳೆಯ ಟಾರ್ಚು ಇಟ್ಟು ಮಾರುತ್ತಿದ್ದಾನೆ. ಅಕ್ಕನ ಮನೆಗೆ ಬರುತ್ತಾನೆ, ಟೀ ಕುಡಿಯುತ್ತಾನೆ. ಮೊದಲಿನಷ್ಟು ಹರಟುವುದಿಲ್ಲ. “ಸರಿಹೋಗುತ್ತೆ, ಸ್ವಲ್ಪ ಟೈಮ್ ಬೇಕು ಅವನಿಗೆ,” ಎನ್ನುತ್ತಾರೆ ಬ್ಯಾಗಕ್ಕ.

ಮಂಡಿ ಈಗೀಗ ನೋಯುತ್ತದೆ, ಚೀಲ ಹೊತ್ತು ಇಳಿಯುವುದು ಹಿಂದಿನಷ್ಟು ಸಲೀಸಲ್ಲ. ಇವರು ಒಳ್ಳೆಯದೆಂದ ಚೀಲಗಳು ಊರಿನ ಎಷ್ಟೋ ಮನೆಗಳ ಬಾಗಿಲ ಹಿಂದೆ ನೇತಾಡುತ್ತಿವೆ. ಅದನ್ನು ಹೇಳಿದವರಾರೆಂದು ಆ ಮನೆಯವರಿಗೆ ಗೊತ್ತಿಲ್ಲ. ಗೊತ್ತಾಗಬೇಕು ಎನ್ನಿಸುವುದಿಲ್ಲವೇ ಎಂದು ಕೇಳಿದರೆ, ಕೊಕ್ಕೆಗೆ ಮರಳಿನ ಚೀಲ ಏರಿಸುತ್ತಲೇ ಉತ್ತರಿಸುತ್ತಾರೆ:

“ನನ್ನ ಹೆಸರು ಕಟ್ಕೊಂಡು ಅವರಿಗೇನಾಗ್ಬೇಕು? ನಾನು ಚೆನ್ನಾಗಿದೆ ಅಂದ ಚೀಲ ಯಾರೂ ಬಿಚ್ಚೋ ಪ್ರಸಂಗ ಬರದೆ, ನೇತುಹಾಕಿದ ಕಡೆನೇ ಧೂಳು ಹಿಡಿದು ಹಾಳಾಗ್ಲಿ. ಅಷ್ಟಾದ್ರೆ ಸಾಕು.”