ಎದ್ದು ನಿಂತ ಹಾಸು

ಸೇಲಂನ ನೇಕಾರ ತಿಮ್ಮರಾಯಪ್ಪ ಹೋದ ಆಡಿ ತಿಂಗಳಲ್ಲಿ ತೀರಿಕೊಂಡ. ಅವನ ಎದುರು ಮನೆಯವನು ನಾನು. ಮಗ್ಗ ಬಿಟ್ಟು ಎದ್ದರೆ ಇಬ್ಬರೂ ವಾಚನಾಲಯಕ್ಕೆ ಹೋಗುತ್ತಿದ್ದೆವು. ನನಗೆ ಕಥೆಗಳು ಸಾಕು. ಅವನಿಗೆ ತಮಿಳು ಮಾಸಪತ್ರಿಕೆಗಳ ವಿಜ್ಞಾನದ ಪುಟಗಳೇ ಬೇಕು. ಅಣುವಿನೊಳಗೆ ಎಲೆಕ್ಟ್ರಾನ್ ಇದೆ, ಅದರಲ್ಲಿರುವ ವಿದ್ಯುತ್ತಿಗಿಂತ ಚಿಕ್ಕ ಪಾಲು ಯಾರಿಗೂ ಸಿಕ್ಕಿಲ್ಲ ಎಂದು ಓದಿದ ದಿನ ದಾರಿಯುದ್ದಕ್ಕೂ ಅದೇ ಮಾತು.

"ಅರ್ಧ ಇಲ್ಲ, ಕಾಲೂ ಇಲ್ಲ ಕಣ್ಲಾ ಜವರಾ. ಅದಕ್ಕಿಂತ ಚಿಕ್ಕದು ಇಲ್ವೇ ಇಲ್ಲ!"

ಅವನ ಎದೆ ಮೊದಲಿನಿಂದಲೂ ಸರಿಯಿರಲಿಲ್ಲ. ಕುಳಿಮಗ್ಗದ ತೇವದಲ್ಲಿ ಕಾಲಿಳಿಬಿಟ್ಟು ಕೂತರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, 1934ರ ಮಾಸಿ ತಿಂಗಳಲ್ಲಿ ಒಣ ಜಗಲಿಯ ಮೇಲೆ ಚೌಕಟ್ಟಿನ ಮಗ್ಗ ಹಾಕಿದ. ಆ ಮಗ್ಗಕ್ಕೆ ಮೊಟ್ಟಮೊದಲು ಏರಿಸಿದ್ದು ತೀರಿಹೋದ ಅಣ್ಣನ ಮಗಳು ಪೂಂಗೊಡಿಯ ಧಾರೆ ಸೀರೆಗೆ ರೇಷ್ಮೆಯ ಹಾಸು, ಉದ್ದಕ್ಕೆ ಬಿಗಿಯುವ ಎಳೆಗಳು.

ಗಾಳಿ ಒಣಗಿತ್ತು. ಬಿದಿರ ಹಣಿಗೆ ಉಜ್ಜಿದಂತೆಲ್ಲ ಉದ್ದದ ಎಳೆಗಳು ಒಂದನ್ನೊಂದು ತಳ್ಳಿ ಎದ್ದು ನಿಂತವು. ಕೈ ಹತ್ತಿರ ಒಯ್ದರೆ ಕೈಗೇ ಅಂಟಿದವು. ಅವರ ಮನೆತನದಲ್ಲಿ ಮದುಮಗಳ ಹಾಸು ಹಾಗೆ ಎದ್ದರೆ ಕುಲದೇವತೆ ಚೌಡೇಶ್ವರಿಯಮ್ಮ ಒಪ್ಪಲಿಲ್ಲವೆಂದು ಅರ್ಥ. ಹಾಸು ಕತ್ತರಿಸಿ, ಸಂಬಂಧ ಬಿಡುತ್ತಾರೆ.

ಅವನ ತಾಯಿ ಮುನಿರತ್ನಮ್ಮ ಬಾಗಿಲಲ್ಲೇ ನಿಂತಳು. "ಅಮ್ಮ ಬ್ಯಾಡ ಅಂತಾವ್ಳೆ. ಕತ್ರಿ ತಾ."

"ಅಮ್ಮ ಅಲ್ಲ ಕಣವ್ವಾ, ಎಲೆಕ್ಟ್ರಾನು. ಉಜ್ಜಿದ್ರೆ ಒಂದ್ರಿಂದ ಇನ್ನೊಂದಕ್ಕೆ ಓಯ್ತದೆ. ಎಲ್ಲಾ ಎಳೇಲೂ ಒಂದೇ ತರದ ವಿದ್ಯುತ್ತು ಆದ್ರೆ ದೂಡಾಡ್ತವೆ."

"ಎಷ್ಟು ದಪ್ಪ ಐತೆ ಅದು?"

"ಕಣ್ಗೆ ಕಾಣಾಕಿಲ್ಲ."

"ಕಾಣ್ದಿರೋ ಅಮ್ಮನ್ನ ಬುಟ್ಟು ಕಾಣ್ದಿರೋ ಅದ್ನ ನಂಬ್ಲಾ? ಓಗು, ಧರ್ಮಪುರಿ ಬೀಗ್ರಿಗೇಳು!"

ಪೂಂಗೊಡಿ ಅಳುತ್ತಲೇ ನಕ್ಕಳು. "ಚಿಕ್ಕಪ್ಪಾ, ನಿನ್ ಎಲೆಕ್ಟ್ರಾನ್ನ ಮಾತ್ರ ಮದ್ವೆಗೆ ಕರೀಬ್ಯಾಡ."

ಅವನು ನಗಲಿಲ್ಲ. ತೇವವಿದ್ದರೆ ಆ ವಿದ್ಯುತ್ತು ನಿಲ್ಲದೆ ನೆಲಕ್ಕಿಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಜಗಲಿಯಲ್ಲಿ ಒದ್ದೆ ಬಟ್ಟೆ ಕಟ್ಟಿ ನೋಡಿದ. ಬಿಸಿಲಿಗೆ ಆಗಲೇ ಒಣಗಿತು. ಮರುದಿನ ಹಾಸನ್ನು ಬಿಚ್ಚಿ ಹಳೆಯ ಕುಳಿಮಗ್ಗಕ್ಕೇ ಏರಿಸಿ, ಕುಳಿಗೆ ನೀರು ಸುರಿದು ಕಾಲಿಳಿಬಿಟ್ಟು ಕೂತ.

"ನಾನು ನೇಯ್ತೀನಿ, ಏಳ್ಲಾ," ಎಂದೆ.

"ಅಪ್ಪ ನೇಯ್ಬೇಕಾದ ಸೀರೆ. ಅಣ್ಣ ಇಲ್ಲ, ನಾನಿದೀನಿ," ಎಂದು ಕುಳಿಗೆ ಇನ್ನೊಂದು ಕೊಡ ನೀರು ಸುರಿದ.

ಎಳೆಗಳು ಮಲಗಿದವು. ಮುನಿರತ್ನಮ್ಮ ಕರ್ಪೂರ ಹಚ್ಚಿ, "ಒಪ್ಕಂಡ್ಳು ತಾಯಿ," ಎಂದಳು. ಅವನು ನನ್ನ ಕಡೆ ನೋಡಿದ, ಕೆಮ್ಮಿದ, ಮತ್ತೆ ಲಾಳಿ ಎಸೆದ. ಸೀರೆ ಮುಗಿಯುವ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಬರುತ್ತಿತ್ತು. ಮದುವೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದವನು ಮನೆಗೆ ಬಂದು ಮಲಗಿದ, ಮತ್ತೆ ಏಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಮ್ಮೆ ಹೋದಾಗ ಮುನಿರತ್ನಮ್ಮ ಕುಳಿಯ ಅಂಚಿನಲ್ಲಿ ಕೂತಿದ್ದಳು. ಒಳಗಿನ ಮಣ್ಣು ಬಿರುಕು ಬಿಟ್ಟಿತ್ತು.

"ಅದಕ್ಕಿಂತ ಚಿಕ್ಕದು ಯಾವ್ದೂ ಇಲ್ಲ ಅಂತಿದ್ನಲ್ಲಾ ಜವರಾ?"

"ಹೂಂ ಅವ್ವಾ."

"ಅಂಗಾರೆ ನಾನು ಕತ್ರಿ ಕೇಳಿದ್ದು, ಅವ್ನು ಈ ಕುಳಿಗಿಳಿದಿದ್ದು ಅಷ್ಟು ಚಿಕ್ಕದಕ್ಕಾ?"

ಗೆಳೆಯ ಓದಿದ ಪುಟಗಳೆಲ್ಲ ನನ್ನ ನೆನಪಿನಲ್ಲಿದ್ದವು. ಆದರೂ, "ಇಲ್ಲವ್ವಾ, ಅವತ್ತು ಹಾಸಲ್ಲಿ ಅಮ್ಮನೇ ಎದ್ದಿದ್ಲು," ಎಂದೆ.

ಮುದುಕಿ ನನ್ನ ಮುಖ ನೋಡಿದಳು. ನಂಬಲಿಲ್ಲ.