ಅಣ್ಣನ ಕಾಲು ಹೇಳಿ ಎಲೆ ಮಾರಿದ್ದು

ಮೊದಲ ದಿನ ನಾನು ಹೊಸಪೇಟೆಯ ಸ್ಟೇಷನ್ ರಸ್ತೆಯ ಒಂದು ಖಾನಾವಳಿಯ ಮುಂದೆ, ತಲೆಯ ಮೇಲೆ ಪತ್ರೋಳಿಯ ಕಟ್ಟು ಹೊತ್ತು ನಿಂತೆ. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೊಲಿದ ಊಟದ ಎಲೆಗಳು ಅವು. ಒಳಗಿದ್ದವರು ಊಟಕ್ಕೆ ಬಂದವಳೆಂದು ತಿಳಿದು "ಬರ್ರಿ, ಕುಂದ್ರಿ" ಎಂದರು. ಎಲೆ ಮಾರಲು ಬಂದೆ ಎನ್ನಲಾಗಲಿಲ್ಲ. "ಇಲ್ರಿ, ಹಿಂಗ ಹೊಂಟಿದ್ದೆ" ಎಂದು ಮುಂದೆ ನಡೆದುಬಿಟ್ಟೆ. ಮುಂದಿನ ಅಂಗಡಿಯ ಹತ್ತಿರವೂ ಹಾಗೇ ಆಯಿತು. ಸಂಜೆ ಕಟ್ಟು ಬಿಚ್ಚದೆ ಮಲಪನಗುಡಿಗೆ ವಾಪಸು ಹೊತ್ತುಕೊಂಡು ಬಂದೆ.

ಮನೆಯಲ್ಲಿ ಇದ್ದವರು ನಾನು, ಅಣ್ಣ ಇಬ್ಬರೇ. ನಾನು ಗಂಡನ ಮನೆಯಿಂದ ತಿರುಗಿ ಬಂದವಳು. ಯಾಕೆ ಬಂದೆ ಎಂಬುದು ಬೇರೆ ಮಾತು. ಓದಿದ್ದು ಎರಡನೆಯ ಇಯತ್ತೆ. ಅಣ್ಣ ಸಂಡೂರಿನ ಗುಡ್ಡದಿಂದ ಅದಿರು ತರುವ ಎತ್ತಿನ ಗಾಡಿ ಹೊಡೆಯುತ್ತಿದ್ದ. ಒಂದು ಇಳಿಜಾರಿನಲ್ಲಿ ಗಾಡಿ ಮಗುಚಿ ಎಡಗಾಲು ಗಾಲಿಯ ಕೆಳಗೆ ಸಿಕ್ಕಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಪಾದ ತೆಗೆದರು. ಅವನಿಗೆ ಮದುವೆ ಗೊತ್ತಾಗಿತ್ತು, ಹೆಣ್ಣಿನ ಕಡೆಯವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಬಹಳ ದಿನ ಗೋಡೆಗೆ ಮುಖ ಮಾಡಿ ಮಲಗಿದ್ದವನು, ಗುಡ್ಡದಿಂದ ಎಲೆ ತರುತ್ತಿದ್ದ ಒಬ್ಬ ಮುದುಕಿಯಿಂದ ಹೊಲಿಯುವುದನ್ನು ಕಲಿತ. ಓಣಿಯವರು ಹೆಂಗಸರ ಕೆಲಸ ಎಂದು ನಕ್ಕರು. ಅವನು ತಲೆಯೆತ್ತಲಿಲ್ಲ. ಎತ್ತಿನ ಹಗ್ಗ ಹಿಡಿದು ಒರಟಾಗಿದ್ದ ಬೆರಳುಗಳಿಗೆ ಆ ಸಣ್ಣ ಕಡ್ಡಿ ಹೇಗೆ ಒಗ್ಗಿತೋ, ಅವನು ಹೊಲಿದ ಎಲೆಯಲ್ಲಿ ತಿಳಿಸಾರು ಬಡಿಸಿದರೂ ಕೆಳಗೆ ಇಳಿಯುತ್ತಿರಲಿಲ್ಲ.

ಮಾರುವುದು ನನ್ನ ಪಾಲಿನ ಕೆಲಸ. ಮೊದಲ ದಿನದ ಕಟ್ಟನ್ನು ನೋಡಿದ ಅಣ್ಣ ಬಯ್ಯಲಿಲ್ಲ. ಗೋಡೆಗೆ ಒರಗಿ ಕೂತು ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಸುತ್ತಿಕೊಂಡ.

"ನಾನು ಸಾವ್ಕಾರ. ಬಾ, ಮಾರು."

"ಎಲಿ ಬೇಕಾಗಿತ್ತೇನ್ರಿ?"

"ಬ್ಯಾಡ."

ನಾನು ಕಟ್ಟು ಎತ್ತಿಕೊಂಡೆ.

"ಮುಗೀತೇನು? ಬ್ಯಾಡ ಅಂದ ಕೂಡ್ಲೆ ಹೊಂಟಬಿಟ್ಟಿ? ದಾರ್‍ಯಾಗ ಎತ್ತು ನಿಂತ್ರ ನಾನೂ ಗಾಡಿ ಬಿಟ್ಟು ಮನಿಗೆ ಬರ್ತಿದ್ನೇನ್ಲೇ?"

"ಎತ್ತಿಗೆ ಬಾರುಕೋಲು ಐತಿ. ಸಾವ್ಕಾರಗ ಏನೈತಿ?"

"ಸಾವ್ಕಾರಗ ಬಾಯಿ ಐತಿ. ಅದನ್ನ ಮಾತಾಡ್ಸು. ಈಗ ಯಾವ ಎಲಿ ತರಸ್ತೀರಿ, ಯಾರು ಕೊಡ್ತಾರ, ಹೆಂಗದಾವ, ಕೇಳು. ಅವ ಮಾತಾಡ್ಲಿಕ್ಕೆ ಹತ್ತಿದ ಅಂದ್ರ ನೀ ಒಳಗ ಹೋದಂಗ."

ಅವನು ಹೇಳಿದ್ದು ಸರಿಯಾಗಿತ್ತು. ಆಗ ನಾನು ಅದನ್ನು ಕಲಿತಿದ್ದರೆ ಈಗ ಇದನ್ನು ಹೇಳುವ ಕಾರಣ ಇರುತ್ತಿರಲಿಲ್ಲ.

ಮರುದಿನ ಅದೇ ಖಾನಾವಳಿಗೆ ಹೋದೆ. ಕೇಳಬೇಕಾದ್ದನ್ನು ಕೇಳದೆ, ಎಲೆ ಬೇಕೇ ಎಂದಷ್ಟೇ ಅಂದೆ. ಯಜಮಾನರು ಬೇಡವೆಂದು ಕೈ ಆಡಿಸಿದರು. ಕಟ್ಟು ಎತ್ತಿಕೊಳ್ಳುವಾಗ ಅವರ ಹೆಂಡತಿ, "ಯಾರು ಹೊಲದಾರಬೇ ಇವನ್ನ?" ಎಂದರು. "ನಮ್ಮಣ್ಣ ರೀ. ಕಾಲು ಹೋಗೈತ್ರಿ, ಮನ್ಯಾಗ ಕೂತು ಹೊಲೀತಾನ" ಎಂದೆ. ಇದ್ದದ್ದನ್ನೇ ಹೇಳಿದ್ದೆ. ಆ ತಾಯಿ ಗಂಡನ ಮುಖ ನೋಡಿದರು. ಗಂಡ ಕಟ್ಟನ್ನು ಇಳಿಸು ಎಂದರು.

ಅವತ್ತು ಖಾಲಿ ಕೈ ಬೀಸಿಕೊಂಡು ಮನೆಗೆ ಬರುವಾಗ ನನಗೆ ದಾರಿ ಸಿಕ್ಕಿತ್ತು. ಎಲೆಯ ವಿಷಯ ಮಾತಾಡಬೇಕಾಗಿಲ್ಲ, ಕಾಲಿನ ವಿಷಯ ಮಾತಾಡಿದರೆ ಸಾಕು.

ಅದರಲ್ಲಿ ನಾನು ಪಳಗಿದೆ. ಯಾವ ಬಾಗಿಲಲ್ಲಿ ತಲೆ ತಗ್ಗಿಸಬೇಕು, ಎಲ್ಲಿ ಮಾತು ನಿಲ್ಲಿಸಿ ಸೆರಗಿನ ತುದಿ ಹಿಡಿಯಬೇಕು ಎಂಬುದೆಲ್ಲ ಕೈವಶವಾಯಿತು. ಹಂಪಿಯಲ್ಲಿ ಯಾತ್ರಿಕರಿಗೆ ಅಡಿಗೆ ಮಾಡುವವರಿಗೆ, ಕಮಲಾಪುರದ ಮಿಠಾಯಿ ಅಂಗಡಿಗೆ, ಭತ್ತದ ಗಾಡಿಗಳ ಜೊತೆ ಹೋಗಿ ಕಂಪ್ಲಿಯ ಖಾನಾವಳಿಗಳಿಗೆ ಮಾರಿದೆ. ಕಂಪ್ಲಿ ದೂರ, ಯಾರೂ ಬಂದು ನೋಡುವುದಿಲ್ಲ. ಅಲ್ಲಿ ಅಣ್ಣನ ಎರಡು ಕಾಲನ್ನೂ ತೆಗೆದುಬಿಟ್ಟೆ. ಮೊದಲು ಬಾಗಿಲಿಂದಲೇ ಹಿಂದಿರುಗುತ್ತಿದ್ದವಳು ಈಗ ಯಾವ ಅಂಗಡಿಯ ಮೆಟ್ಟಿಲಾದರೂ ಹತ್ತುತ್ತಿದ್ದೆ. ಅದನ್ನು ಧೈರ್ಯ ಎಂದು ತಿಳಿದಿದ್ದೆ.

ದಿನಾ ಸಂಜೆ ಅಣ್ಣ ಕೇಳುತ್ತಿದ್ದ, "ಏನಂದ್ರು?"

"ಕಂಪ್ಲಿ ಖಾನಾವಳಿ ಅವ್ವಾರು, ಇಂಥ ಹೊಲಿಗಿ ನಮ್ಮ ಸೀಮ್ಯಾಗ ಕಂಡಿಲ್ಲ ಅಂದ್ರು."

"ಖರೇನಾ?"

"ನಾ ಯಾಕ ಸುಳ್ಳು ಹೇಳ್ಲಿ?"

ಅವನ ಮುಖ ಅರಳುತ್ತಿತ್ತು. ಮರುದಿನ ಕಡ್ಡಿಯನ್ನು ಇನ್ನೂ ಸಣ್ಣಗೆ ಸೀಳುತ್ತಿದ್ದ, ಅಂಚನ್ನು ಇನ್ನೂ ಗುಂಡಗೆ ಕತ್ತರಿಸುತ್ತಿದ್ದ. ಓಣಿಯವರು ನಕ್ಕರೆ, "ಕಂಪ್ಲಿಯವ್ರನ್ನ ಕೇಳಿ ಬರ್ರಿ" ಎನ್ನುತ್ತಿದ್ದ. ನನಗೆ ಅದನ್ನು ನೋಡಿ ಸಂತೋಷವೇ ಆಗುತ್ತಿತ್ತು. ನಾನು ಮಾಡಿದ ತಪ್ಪಿನಲ್ಲಿ ಈಗಲೂ ಚುಚ್ಚುವುದು ಆ ಸಂತೋಷ.

ಒಂದು ದಿನ ನಾನು ಹಂಪಿಗೆ ಹೋಗಿದ್ದಾಗ ಅವನು ನೆರೆಯ ಗಾಡಿಯವನ ಜೊತೆ ಕಂಪ್ಲಿಗೆ ಹೋದ. ತನ್ನ ಎಲೆಯ ಮೇಲೆ ಜನ ಉಣ್ಣುವುದನ್ನು ಕಣ್ಣಾರೆ ನೋಡಬೇಕೆಂದು ಹೊರಟಿದ್ದನಂತೆ. ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ಗಾಡಿಯವನು.

ಅಣ್ಣ ಕೋಲೂರಿಕೊಂಡು ಆ ಅವ್ವಾರ ಖಾನಾವಳಿಯ ಒಳಗೆ ಹೋಗಿ, "ನಿಮ್ಮ ಎಲಿ ಹೊಲಿಯಾವ ನಾನ ರೀ ಅವ್ವಾರ" ಎಂದ.

"ಅಯ್ಯ ಶಿವನ! ಎರಡೂ ಕಾಲಿಲ್ಲ ಅಂದಿದ್ಲಲ್ಲೋ ನಿನ್ನ ತಂಗಿ? ಒಂದರ ಉಳದೈತಲ್ಲ, ಚೊಲೊ ಆತು ಬಿಡು. ಕುಂದ್ರು, ಉಣ್ಣು."

ಅವನ ಮುಂದೆ ಹಿತ್ತಾಳೆಯ ತಾಟು ಬಂತು. ಸುತ್ತ ಎಲ್ಲರ ಮುಂದೆಯೂ ತಾಟು.

"ನನ್ನ ಎಲಿ ಎಲ್ಲದಾವ್ರಿ?"

ಆಕೆ ಅಟ್ಟ ತೋರಿಸಿದರು. ನಾನು ಮಾರಿದ ಕಟ್ಟುಗಳೆಲ್ಲ ಕಟ್ಟಿದ ಹಗ್ಗ ಬಿಚ್ಚದೆ ಅಲ್ಲಿ ಒಣಗಿ ಸುರುಟಿಕೊಂಡಿದ್ದವು. "ನಮಗ ತಾಟು ಅದಾವಪ್ಪ. ನಿನ್ನ ಸಂಕಟ ಕೇಳಿ, ಪುಣ್ಯದ ಕೆಲಸ ಅಂತ ತೊಗೊಂತೀನಿ."

ಅಣ್ಣ ಬಡಿಸಿದ್ದನ್ನು ಪೂರ್ತಿ ಉಂಡನಂತೆ.

ಮನೆಯಲ್ಲಿ ನನ್ನನ್ನು ಕೇಳಿದ್ದು ಎರಡೇ ಮಾತು.

"ಎಷ್ಟು ಮಂದಿಗೆ ಹಿಂಗ ಹೇಳಿ ಮಾರಿ?"

"ಎಲ್ಲಾರಿಗೂ."

"ಒಬ್ಬರರ ಎಲಿ ನೋಡಿ ತೊಗೊಂಡಾರೇನು?"

ನನಗೆ ಗೊತ್ತಿರಲಿಲ್ಲ. ಎಲೆ ಹೇಗಿದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಹಾಗೆಂದೇ ಹೇಳಿದೆ. ಅವನು ಕಡ್ಡಿಯ ಕಟ್ಟನ್ನು ಮೂಲೆಗೆ ದೂಡಿ, ಹಿಂದಿನಂತೆ ಗೋಡೆಗೆ ಮುಖ ಮಾಡಿ ಮಲಗಿದ.

ಗುಡ್ಡದ ಎಲೆ ಬಂದು ಬಂದು ಒಣಗಿತು. ನಾನು ಕಾಲು ಹಿಡಿದೆ, ಅತ್ತೆ. ಅಳುವುದನ್ನು ಅಂಗಡಿಗಳಲ್ಲಿ ಅಷ್ಟು ಬಳಸಿದ್ದೆ, ಅವನು ಅದನ್ನು ನಂಬಲಿಲ್ಲ. ಅತ್ತರೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಕಣ್ಣು ಒರೆಸಿಕೊಂಡು, ಅವನು ಮೊದಲೇ ಹೊಲಿದಿಟ್ಟಿದ್ದ ಒಂದು ಕಟ್ಟು ಹೊತ್ತು ಕಂಪ್ಲಿಗೆ ಹೋದೆ.

"ಅವ್ವಾರ, ನಮ್ಮಣ್ಣಗ ಒಂದು ಕಾಲು ಐತ್ರಿ. ನಾ ಸುಳ್ಳು ಹೇಳಿದ್ದೆ. ಅಟ್ಟದ ಮ್ಯಾಲಿನ ಎಲಿ ವಾಪಸ್ ಒಯ್ತೀನಿ. ಇವು ಹೊಸಾವು. ಒಂದರಾಗ ಸಾರು ಹಾಕಿ ನೋಡ್ರಿ. ಚೊಲೊ ಇದ್ರ ತೊಗೋರಿ, ಇಲ್ಲಂದ್ರ ಬ್ಯಾಡನ್ರಿ."

ಆಕೆ ಸಿಟ್ಟಾಗುವ ಬದಲು ನಕ್ಕುಬಿಟ್ಟರು. "ನೀ ಹಿಂದಿನಂಗ ಅತ್ತಿದ್ರ ತೊಗೊಂತಿದ್ನೆಬೇ. ಎಲಿ ಚೊಲೊನ ಅದಾವ. ಆದ್ರ ನನಗ ತಾಟು ಅದಾವ. ಬ್ಯಾಡ."

"ಆತ್ರಿ" ಎಂದೆ. ಅಣ್ಣನ ಕಾಲಿಗಲ್ಲದೆ ಎಲೆಗೇ ಸಿಕ್ಕ ಮೊದಲ ಉತ್ತರ ಅದು. ಬೇಡ ಅನ್ನಿಸಿಕೊಂಡು ಹೊರಗೆ ಬಂದವಳು ನೇರ ಮುಂದಿನ ಖಾನಾವಳಿಗೆ ನಡೆದೆ. ಹಳೆಯ ಗಿರಾಕಿಗಳ ಬಳಿಗೆಲ್ಲ ಹಾಗೆಯೇ ಹೋದೆ. ಬಹಳಷ್ಟು ಜನ ಬಿಟ್ಟರು. ಸ್ಟೇಷನ್ ರಸ್ತೆಯವರು ಮಾತ್ರ ತರುತ್ತಿರು ಎಂದರು. ಮನೆಯಲ್ಲಿ ಅದನ್ನು ಹೇಳಿದರೆ ಅಣ್ಣ ಮಗ್ಗುಲು ಬದಲಿಸಲಿಲ್ಲ. ಹೊಗಳಿಕೆ ನನ್ನ ಬಾಯಿಂದ ಬಂದದ್ದಾದರೆ ಅವನಿಗೆ ಅದು ಬೇಡವಾಗಿತ್ತು.

ಕಾಲಿನ ಕಥೆ ಹೇಳಿ ನಾನು ಎಲೆ ಮಾರದೆ ಉಳಿದಿದ್ದ ಊರು ಸಂಡೂರು. ಅಲ್ಲಿ ತಂಗಲು ನಮ್ಮವ್ವನ ತಂಗಿ ಚಿಗವ್ವನ ಮನೆಯಿತ್ತು. ಅಣ್ಣ ಹಿಂದೆ ಹೊಲಿದಿಟ್ಟಿದ್ದ ಎಲೆ, ದೊನ್ನೆಗಳನ್ನು ಕಟ್ಟಿಕೊಂಡು ಸಂತೆಯ ದಿನ ಹೋದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಒಬ್ಬ ಅಂಗಡಿಯವನ ಮುಂದೆ ಬೆಳಿಗ್ಗೆಯೇ ಕಟ್ಟು ಇಳಿಸಿದೆ.

"ಬೋಣಿ ಆಗಿಲ್ಲ, ನಿನ್ನ ಕೂಡ ಏನು ಯವ್ವಾರ? ಸರಿ ಆಚಿ ಕಡೆ!" ಎಂದು ಗದರಿದ. ದಿನದ ಮೊದಲ ವ್ಯಾಪಾರ ಆಗುವ ಮುಂಚೆ ಅಂಗಡಿಯವರಿಗೆ ಏನನ್ನಾದರೂ ಮಾರಲು ಹೋಗುವುದು ತಪ್ಪು. ಗೊತ್ತಿರಬೇಕಾಗಿತ್ತು, ಆದರೆ ಅಲ್ಲಿಯವರೆಗೆ ನನ್ನನ್ನು ಕಂಡವರು ಕನಿಕರದಿಂದ ಅದನ್ನೂ ಮನ್ನಿಸಿದ್ದರು.

ಪಕ್ಕದ ಮರದ ಕೆಳಗೆ ಕೂತೆ. ಮಾಡಲು ಬೇರೆ ಕೆಲಸವಿಲ್ಲದೆ ನೋಡುತ್ತಾ ಇದ್ದೆ. ಅವನು ಒಂದು ದೊಡ್ಡ ಎಲೆಯನ್ನು ಮಡಿಸಿ ಅದರಲ್ಲಿ ಒಗ್ಗರಣೆ ಹಾಕಿ ಕೊಡುತ್ತಿದ್ದ. ಬಿಸಿಗೆ, ಎಣ್ಣೆಗೆ ಎಲೆ ಬಾಡಿ ಬಾಗುತ್ತಿತ್ತು. ಸಂತೆಗೆ ಬಂದವರ ಒಂದು ಕೈಯಲ್ಲಿ ಚೀಲವೋ ಕೋಳಿಯೋ ಮಗುವೋ ಇರುತ್ತಿತ್ತು. ಅದನ್ನು ಕೆಳಗಿಟ್ಟು ಎರಡು ಕೈಯಲ್ಲಿ ಎಲೆ ಹಿಡಿಯಬೇಕು. ಇಲ್ಲವಾದರೆ ಅರ್ಧ ಒಗ್ಗರಣೆ ಮಣ್ಣಿಗೆ. ಕೆಲವರು ಅಂಗಡಿಯ ತನಕ ಬಂದು, ಕೈ ನೋಡಿಕೊಂಡು ಹಾಗೇ ಹೋದರು.

ಗಿರಾಕಿ ಕಡಿಮೆಯಾದ ಮೇಲೆ ಮತ್ತೆ ಹೋಗಿ ಒಂದು ದೊನ್ನೆ ಕೊಟ್ಟೆ. "ಇದರಾಗ ಹಾಕಿ ನೋಡ್ರಿ ಸಾವ್ಕಾರ್ರ."

ಬಿಸಿ ಒಗ್ಗರಣೆ ಹಾಕಿ, ಮೇಲೊಂದು ಮಿರ್ಚಿ ಇಟ್ಟು ಒಂದೇ ಕೈಯಲ್ಲಿ ಎತ್ತಿದ. ದೊನ್ನೆಯ ತಳ ಕುಸಿಯಿತು.

"ನೋಡಿಲ್ಲಿ! ಅಡಿ ಎಷ್ಟು ಮೆತ್ತಗೈತಿ. ಯಾವ ಗುಗ್ಗು ಹೊಲದದ್ದು ಇದನ್ನ?"

"ನಮ್ಮಣ್ಣ ರೀ."

ಕಾಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹೆಂಗಿದ್ರ ನಿಮಗ ಚೊಲೊ?" ಎಂದು ಕೇಳಿದೆ.

ಅವನ ಬಾಯಿ ತೆರೆಯಿತು. ತಳ ಗಟ್ಟಿ ಇರಬೇಕು, ಅಗಲ ಕಡಿಮೆ ಆದರೂ ಆಳ ಬೇಕು, ಹೆಬ್ಬೆರಳಿಗೆ ಬಿಸಿ ತಾಕಬಾರದು, ಒಂದೇ ಕೈಯಲ್ಲಿ ನಿಲ್ಲಬೇಕು. ಹೇಳುತ್ತಾ ಹೇಳುತ್ತಾ ನನಗೂ ಒಂದು ಮಿರ್ಚಿ ಕೊಟ್ಟ. "ಹಂಗ ಮಾಡಿ ತಂದ್ರ ನೋಡೂಣು. ಇಂಥಾವು ತಂದ್ರ ಈ ಕಡೆ ಸುಳೀಬ್ಯಾಡ."

ಮನೆಗೆ ಬಂದು, ಮಲಗಿದ್ದವನ ಬೆನ್ನಿಗೆ ಎಲ್ಲವನ್ನೂ ಹೇಳಿದೆ. ಬಯ್ಗುಳವನ್ನೂ ಬಿಡಲಿಲ್ಲ.

"ಗುಗ್ಗು ಅಂದ?" ಅಣ್ಣ ಈ ಕಡೆ ತಿರುಗಿದ. "ಯಾವನ್ಲೇ ಅವ?"

"ಸಂಡೂರು ಸಂತ್ಯಾಗ ಮಿರ್ಚಿ ಕರಿಯಾವ."

"ಇದನ್ನೂ ಕಟ್ಟಿ ಹೇಳ್ತೀಯೇನು?"

"ಕಟ್ಟಿ ಹೇಳಂಗಿದ್ರ ಗುಗ್ಗು ಅಂತ ಯಾಕ ಹೇಳ್ಲಿ? ಚೊಲೊ ಅಂದ್ರು ಅಂತಿದ್ದೆ."

ಅವನು ಎದ್ದು ಕೂತ. "ಅಡಿ ಮೆತ್ತಗೈತಂತ, ಅಡಿ! ಒಗ್ಗರಣಿಗೆ ಹೊಲದದ್ದಲ್ಲ ಅದು, ಪಾಯಸಕ್ಕ. ತಾ ಇಲ್ಲಿ ಆ ಕಡ್ಡಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ದೊನ್ನೆಗಳ ಜೊತೆ ಜಗಳ ಶುರುವಾಯಿತು. ಒಂದು ಎಲೆಯ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು ಹೊಲಿದ. ತಳ ನಿಂತಿತು, ಬದಿ ಬಿರಿಯಿತು. ಬದಿ ಸರಿ ಮಾಡಿದರೆ ಬಿಸಿ ಬೆರಳಿಗೆ ತಾಕಿತು. ನಾನು ಬಿಸಿ ಮುದ್ದೆಯನ್ನು ಅದರಲ್ಲಿ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಕೊಡ ಹಿಡಿದು ಅಂಗಳದಲ್ಲಿ ಓಡಾಡಬೇಕಾಯಿತು. ಓಣಿಯವರು ನನಗೆ ಹುಚ್ಚು ಹಿಡಿಯಿತೆಂದರು. ಕೊನೆಗೆ ಅವನು ಅಂಚಿನ ಒಂದು ಕಡೆ ಎಲೆಯನ್ನು ಹೊರಕ್ಕೆ ಮಡಿಸಿ ಹೆಬ್ಬೆರಳಿಗೆ ಜಾಗ ಮಾಡಿದ. ಮಿರ್ಚಿಯವನು ಮೊದಲ ಸಲ ಅದರಲ್ಲೂ ಹುಳುಕು ಹುಡುಕಿದ. ಹುಳುಕನ್ನು ಹಾಗೇ ಮನೆಗೆ ತಂದೆ, ತಿದ್ದಿದ್ದನ್ನು ಹಾಗೇ ಸಂತೆಗೆ ಒಯ್ದೆ. ಆಮೇಲೆ ಅವನು, "ಪ್ರತಿ ಸಂತಿಗೂ ತಾ. ತಪ್ಪಿಸಿದ್ರ ಬ್ಯಾರೆಯವ್ರನ್ನ ನೋಡ್ಕೊಂತೀನಿ" ಎಂದ.

ಬರುತ್ತಲೇ ಅಣ್ಣನಿಗೆ ಹೇಳಿದೆ. "ಹೌದಾ" ಎಂದನೇ ಹೊರತು ಮುಖ ಅರಳಲಿಲ್ಲ. ಮುಂದಿನ ಸಂತೆಗೆ ತಾನೂ ಬರುತ್ತೇನೆ ಎಂದ. ಬೇಡ ಎನ್ನುವ ಹಕ್ಕು ನನಗಿರಲಿಲ್ಲ.

ಅವನು ಅಂಗಡಿಯ ಹತ್ತಿರ ಬರಲಿಲ್ಲ, ತಾನು ಯಾರೆಂದು ಹೇಳಲಿಲ್ಲ. ದೂರದ ಕಟ್ಟೆಯ ಮೇಲೆ ಕೋಲನ್ನು ಪಕ್ಕಕ್ಕಿಟ್ಟು, ಕಾಲಿನ ಮೇಲೆ ಪಂಚೆ ಎಳೆದುಕೊಂಡು ಕೂತ. ಒಬ್ಬಾಕೆ ಕಂಕುಳಲ್ಲಿ ಮಗು ಇಟ್ಟುಕೊಂಡೇ ತಿಂದಳು. ಕೋಳಿ ಮಾರಲು ಬಂದವನು ಕೋಳಿ ಬಿಡದೆ ತಿಂದ. ತಿಂದವರು ದೊನ್ನೆಯನ್ನು ಬಿಸಾಡಿ, ಕೈ ಒರೆಸಿಕೊಂಡು ಹೋದರು. ಯಾರೂ ಅದನ್ನು ತಿರುಗಿಸಿ ನೋಡಲಿಲ್ಲ, ಚೆನ್ನಾಗಿದೆ ಎನ್ನಲಿಲ್ಲ. ಸಂತೆ ಇಳಿಯುವ ಹೊತ್ತಿಗೆ ಅಂಗಡಿಯ ಸುತ್ತ ಎಣ್ಣೆ ಮೆತ್ತಿದ ದೊನ್ನೆಗಳು ಬಿದ್ದಿದ್ದವು, ಆಡುಗಳು ಬಂದು ಮೇಯುತ್ತಿದ್ದವು.

"ಎಲ್ಲಾ ಬಿಸಾಡ್ಯಾರ ನೋಡು, ಅಟ್ಟಕ್ಕ ಒಂದೂ ಹೋಗಿಲ್ಲ" ಎಂದ ಅಣ್ಣ. ಅಷ್ಟು ಸಮಾಧಾನದ ಧ್ವನಿಯನ್ನು ನಾನು ಕಾಲು ಹೋದ ಮೇಲೆ ಅವನಲ್ಲಿ ಕೇಳಿರಲಿಲ್ಲ.

ಆಮೇಲೆ ಗಾದಿಗನೂರು, ಚೋರನೂರಿನ ತನಕ ಅಂಗಡಿಗಳನ್ನು ಹಿಡಿದೆ. ಬೇಡ ಎಂದವರ ಹತ್ತಿರ ಯಾಕೆ ಬೇಡ ಎಂದು ಕೇಳುವುದನ್ನು ಬಿಡಲಿಲ್ಲ. ಅಣ್ಣ ಕಡೆಯವರೆಗೂ ಹೊಲಿದ. ಆದರೆ ಸಂಜೆ ನಾನು ಮನೆಗೆ ಬಂದಾಗ "ಏನಂದ್ರು?" ಎಂದು ಅವನು ಮತ್ತೆ ಯಾವತ್ತೂ ಕೇಳಲಿಲ್ಲ. ಹೊಸ ಅಂಗಡಿ ಸಿಕ್ಕಿತೆಂದರೆ ತಾನೇ ಹೋಗಿ, ದೂರ ಕೂತು ನೋಡಿ ಬರುತ್ತಿದ್ದ. ಆ ಊರಿಗೆ ಹೋಗುವ ಗಾಡಿಯನ್ನು ಗೊತ್ತು ಮಾಡಿ, ಅವನನ್ನು ಹತ್ತಿಸಿ ಕಳಿಸುವುದು ನನ್ನ ಕೆಲಸವಾಗಿತ್ತು.